ಏಳು ದಿನದೊಳಗೆ ವಾಪಸು ಕೊಡಬಹುದಾದ ಸರಸ್ವತಿ

ಆಷಾಢದ ಒಂದು ಬೆಳಗ್ಗೆ ಚಾಮರಾಜಪೇಟೆಯ ಕಣ್ಣಿನ ಡಾಕ್ಟರು ನನ್ನ ಎಡಗಣ್ಣು ಮುಚ್ಚಿಸಿ, ಚೌಕಳಿ ಗೆರೆಗಳಿದ್ದ ಒಂದು ಕಾಗದ ತೋರಿಸಿ, ನಡುವೆ ಏನು ಕಾಣುತ್ತದೆ ಎಂದು ಕೇಳಿದರು. ಗೆರೆಗಳು ಒಂದು ಕಡೆ ಬಾಗಿವೆ, ಮುದ್ರಣದೋಷ ಇರಬೇಕು ಎಂದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕರಡು ತಿದ್ದಿದವನು ನಾನು. ದೋಷ ಯಾವಾಗಲೂ ಕಾಗದದಲ್ಲೇ ಇರುತ್ತದೆ ಎಂಬುದು ನನ್ನ ಸೇವಾನುಭವ. ಡಾಕ್ಟರು ಕಾಗದವನ್ನು ತಾವೊಮ್ಮೆ ನೋಡಿ, ಗೆರೆಗಳು ನೆಟ್ಟಗೇ ಇವೆ ಎಂದು ಮೆಲ್ಲಗೆ ಹೇಳಿದರು.

ಕಣ್ಣಿನ ಹಿಂಭಾಗದ ಪರದೆಯ ನಟ್ಟನಡುವೆ ಸವಕಳಿ ಶುರುವಾಗಿದೆಯಂತೆ. ಬಲಗಣ್ಣಿನಲ್ಲಿ ಜಾಸ್ತಿ, ಎಡಗಣ್ಣಿನಲ್ಲಿ ಪ್ರಾರಂಭ. ಪೂರ್ತಿ ಕತ್ತಲೆಯೇನೂ ಆಗುವುದಿಲ್ಲ. ಬಾಗಿಲು, ಬಸ್ಸು, ಎದುರಿಗೆ ಬರುವ ನೆಂಟರು ಎಲ್ಲ ಕಾಣುತ್ತಾರೆ. ಹೊಡೆತ ಬೀಳುವುದು ಓದಿಗೆ. ಇದಕ್ಕೆ ಆಪರೇಷನ್ ಇಲ್ಲ, ಹನಿ ಹಾಕಿ ಪ್ರಯೋಜನವಿಲ್ಲ. ನಿಧಾನವಾಗಿ ಹೆಚ್ಚುತ್ತದೆ, ಎಷ್ಟು ನಿಧಾನ ಎಂದು ಹೇಳಲಾಗುವುದಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಇ-ರೀಡರ್‌ಗಳು ಬಂದಿವೆ, ಒಂದು ತೆಗೆದುಕೊಂಡು ಅಭ್ಯಾಸ ಮಾಡಿಕೊಳ್ಳಿ, ಈಗಿನಿಂದಲೇ ಮಾಡಿಕೊಂಡರೆ ಒಳ್ಳೆಯದು ಎಂದರು. ಆ 'ಈಗಿನಿಂದಲೇ' ಎಂಬ ಮಾತನ್ನು ನಾನು ಬಸವನಗುಡಿಯವರೆಗೆ ನಡೆದುಕೊಂಡು ಹೊತ್ತು ತಂದೆ.

ಮನೆಯಲ್ಲಿ ಹೆಂಡತಿಗೆ, ಕನ್ನಡಕದ ನಂಬರು ಬದಲಾಗಿದೆ ಎಂದಷ್ಟೇ ಹೇಳಿದೆ. ಸುಳ್ಳಲ್ಲ, ನಂಬರು ಬದಲಾಗಿತ್ತು. ಕಡತದಲ್ಲಿ ದಾಖಲಾಗದ ಸಂಗತಿ ನಡೆದೇ ಇಲ್ಲ ಎಂದು ನಂಬುವ ವ್ಯವಸ್ಥೆಯಲ್ಲಿ ಕೂದಲು ನರೆಸಿಕೊಂಡವನು, ಇದನ್ನು ಬಾಯಿಬಿಟ್ಟು ಹೇಳಿದೊಡನೆ ಅದಕ್ಕೊಂದು ನಂಬರು ಬಿದ್ದು, ಮೇಲಿನಿಂದ ಕೆಳಗಿನವರೆಗೆ ಸಹಿಗಳಾಗಿ, ನಿಜವಾಗಿಬಿಡುತ್ತದೆ ಎಂದು ಹೆದರಿದೆ. ದಿನವೂ ಬೆಳಗ್ಗೆ ಹಾಲ್ ಕಿಟಕಿಯ ಸರಳುಗಳನ್ನು ಒಂದೊಂದೇ ಕಣ್ಣಿನಿಂದ ತಪಾಸಣೆ ಮಾಡುತ್ತಿದ್ದೆ. ನಡುವಿನ ಸರಳು ಬಲಗಣ್ಣಿಗೆ ಸೊಟ್ಟಗಿತ್ತು. ಕೈಯಿಂದ ತಡವಿ ನೋಡಿದರೆ ನೆಟ್ಟಗಿತ್ತು. ಕಿಟಕಿಗೆ ಏನಾಗಿದೆ ಎಂದು ಅವಳು ಕೇಳಿದಾಗ, ತುಕ್ಕು ಎಂದೆ.

ಇ-ರೀಡರ್ ಆಯ್ಕೆಯ ಕೆಲಸವನ್ನು ಕಚೇರಿಯ ಶಿಸ್ತಿನಲ್ಲೇ ಕೈಗೆತ್ತಿಕೊಂಡೆ. ಹಳೆಯ ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ತುಲನಾತ್ಮಕ ತಖ್ತೆ ತಯಾರಿಸಿದೆ. ಪರದೆ ಎಷ್ಟು ಇಂಚು, ತೂಕ ಎಷ್ಟು, ಒಳಗಿನ ಬೆಳಕನ್ನು ಹಳದಿ ಮಾಡಬಹುದೇ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ವಾರ. ನೀರು ಬಿದ್ದರೂ ಕೆಡುವುದಿಲ್ಲ ಎಂಬ ಗುಣವಿರುವ ಯಂತ್ರಕ್ಕೆ ಜಾಸ್ತಿ ದುಡ್ಡು. ಜನ ಸ್ನಾನದ ತೊಟ್ಟಿಯಲ್ಲಿ ಮಲಗಿ ಓದುತ್ತಾರಂತೆ. ನಮ್ಮ ಬಚ್ಚಲಲ್ಲಿರುವುದು ಒಂದು ಬಕೆಟ್ಟು, ಆದ್ದರಿಂದ ಆ ಕಲಂ ಹೊಡೆದುಹಾಕಿದೆ. ಬಣ್ಣದ ಪರದೆಯೂ ಬೇಡ. ನಾನು ಓದುವ ಪುಸ್ತಕಗಳಲ್ಲಿ ಬಣ್ಣ ಬಂದದ್ದು ಜಿರಲೆಯಿಂದ ಮಾತ್ರ.

ಉಳಿದದ್ದು ಎರಡು ಪ್ರಶ್ನೆ. ಕನ್ನಡದ ಒತ್ತಕ್ಷರ ಸರಿಯಾಗಿ ಬರುತ್ತದೆಯೇ ಎಂಬುದು ಒಂದು. ಕೆಲವು ಯಂತ್ರಗಳಲ್ಲಿ ಒತ್ತು ತನ್ನ ಅಕ್ಷರದ ಕೆಳಗೆ ನಿಲ್ಲದೆ ಪಕ್ಕದ ಮನೆಗೆ ಹೋಗಿ ಕೂರುತ್ತದೆ ಎಂದು ಕೇಳಿದ್ದೆ. ಎರಡನೆಯದು ಸೈಜು, ಮತ್ತು ಅದಕ್ಕೆ ಅಂಟಿಕೊಂಡ ಬೆಲೆ. ಏಳಿಂಚಿನದು ಪಿಂಚಣಿಗೆ ನೋವಾಗದ ಹಾಗೆ ಬರುತ್ತಿತ್ತು. ಹತ್ತಿಂಚಿನದಕ್ಕೆ ಹೆಚ್ಚುಕಡಿಮೆ ಎರಡರಷ್ಟು.

ಬೆಳಗಿನ ವಾಕಿಂಗಿಗೆ ಜೊತೆಯಾಗುವ ಗೆಳೆಯನೊಬ್ಬನಿದ್ದಾನೆ, ಬ್ಯಾಂಕಿನಿಂದ ನಿವೃತ್ತ. ಈಗ ಮುದ್ರಣದಲ್ಲೇ ಇಲ್ಲದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಕೂಡಿಟ್ಟುಕೊಳ್ಳುವುದು ಅವನ ವ್ಯಸನ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವನಿಗೆ ತಖ್ತೆ ಒಪ್ಪಿಸಿದೆ. ಕಣ್ಣಿನ ವಿಷಯ ಅವನಿಗೂ ಹೇಳಲಿಲ್ಲ. ಮನೆಯಲ್ಲಿ ಪುಸ್ತಕ ಇಡಲು ಜಾಗವಿಲ್ಲ ಎಂದೆ.

ಅವನು ತಖ್ತೆಯನ್ನು ದೂರ ಹಿಡಿದು ಓದಿ, ನಕ್ಕ. "ಗುರುವೇ, ಹೆಣ್ಣು ನೋಡೋಕ್ಕೆ ಹೋದಾಗ್ಲೂ ಇಷ್ಟು ವಿಚಾರ ಮಾಡಿರ್ಲಿಲ್ಲ ನೀನು."

ಆಮೇಲೆ ಗಂಭೀರನಾಗಿ ವಿಷಯ ತಿಳಿಸಿದ. ಹೊಸದಾಗಿ ಇ-ಪುಸ್ತಕವಾಗಿಯೇ ಬಂದದ್ದರಲ್ಲಿ ಅಕ್ಷರವನ್ನು ಕುಂಬಳಕಾಯಿಯಷ್ಟು ಮಾಡಿಕೊಳ್ಳಬಹುದು, ಸಾಲುಗಳು ತಾವೇ ಮಡಚಿಕೊಂಡು ಜಾಗ ಬಿಡುತ್ತವೆ. ಸ್ಕ್ಯಾನ್ ಪ್ರತಿ ಹಾಗಲ್ಲ. ಅದು ಪುಟದ ಫೋಟೋ. ಫೋಟೋದಲ್ಲಿರುವವನನ್ನು ಸ್ವಲ್ಪ ಪಕ್ಕಕ್ಕೆ ಸರಿ ಅಂದರೆ ಸರಿಯುತ್ತಾನೆಯೇ? ಇಡೀ ಪುಟ ಪರದೆಗೆ ಕುಗ್ಗಿ ಕೂರುತ್ತದೆ, ಅಕ್ಷರ ಸಾಸಿವೆ. ನಿನಗೆ ಬೇಕಾದದ್ದೆಲ್ಲ ಹಳೆಯದೇ, ಆದ್ದರಿಂದ ಕೊಂಡ ಮೇಲೆ ಸ್ಕ್ಯಾನ್ ಹಾಕಿ ನೋಡದೆ ನಂಬಬೇಡ ಎಂದ.

ನವರಾತ್ರಿಯ ಮೂರನೆಯ ದಿನ, ಗಾಂಧಿ ಬಜಾರಿನ ಪಕ್ಕದ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಏಳಿಂಚಿನದನ್ನು ಕೊಂಡೆ. ಒತ್ತಕ್ಷರಗಳು ತಮ್ಮ ತಮ್ಮ ಮನೆಯಲ್ಲೇ ಇದ್ದವು. ಅಂಗಡಿಯವರು ಸಜ್ಜನರು. ಏಳು ದಿನದೊಳಗೆ ವಾಪಸು ತಂದರೆ ದೊಡ್ಡದಕ್ಕೆ ಬದಲಾಯಿಸಿ ಕೊಡುತ್ತೇನೆ, ಡಬ್ಬ ಇರಬೇಕು, ಮೈಮೇಲೆ ಒಂದು ಗೀರು ಇರಬಾರದು, ಎಂಟನೆಯ ದಿನ ಬಂದರೆ ನನ್ನ ಕೈಯಲ್ಲಿಲ್ಲ ಎಂದರು. ಬೆರಳು ಮಡಚಿ ಎಣಿಸಿದೆ. ಏಳನೆಯ ದಿನ ಮಹಾನವಮಿ.

ಮೊದಲ ದಿನ ಯಂತ್ರ ನನ್ನ ಇಮೇಲು ಕೇಳಿತು. ಎರಡನೆಯ ದಿನ, ಅದರ ಪಾಸ್‌ವರ್ಡು ಮರೆತಿದ್ದೀರಾ ಎಂದು ಕೇಳಿತು, ಮರೆತಿದ್ದೆ. ಮೂರನೆಯ ದಿನ ಒಂದು ಹೊಸ ಇ-ಪುಸ್ತಕ ತೆರೆದು, ಅಕ್ಷರ ದೊಡ್ಡದು ಮಾಡಿ, ಬೆಳಕನ್ನು ಹಳದಿಗೆ ತಿರುಗಿಸಿ ಹನ್ನೆರಡು ಪುಟ ಓದಿದೆ. ನಾಲ್ಕು ತಿಂಗಳಲ್ಲಿ ಒಂದೇ ಪಟ್ಟಿಗೆ ಹನ್ನೆರಡು ಪುಟ ಓದಿರಲಿಲ್ಲ. ಆದರೆ ಅಸಲು ಪರೀಕ್ಷೆ ಬಾಕಿ ಇತ್ತು. ನಾಲ್ಕನೆಯ ದಿನ ಸಂಜೆ ಗೆಳೆಯ ಬಂದು ಇನ್ನೂರು ಹಳೆಯ ಪುಸ್ತಕಗಳ ಸ್ಕ್ಯಾನನ್ನು ಅದರ ಹೊಟ್ಟೆಗೆ ತುಂಬಿಸಿ ಹೋದ. ಇನ್ನೂರು ಪುಸ್ತಕ ನುಂಗಿದರೂ ತೂಕ ಒಂದು ಗುಲಗಂಜಿ ಹೆಚ್ಚಲಿಲ್ಲ ಎಂದು ಹೆಂಡತಿಗೆ ತೋರಿಸಿ ಬಡಾಯಿ ಕೊಚ್ಚಿದೆ. ವಿದ್ಯುದ್ದೀಪದಲ್ಲಿ ಬೇಡ, ಬೆಳಗಿನ ನಿಚ್ಚಳ ಬೆಳಕಿನಲ್ಲಿ ಸ್ಕ್ಯಾನ್ ತೆರೆಯೋಣ ಎಂದು ನಿರ್ಧರಿಸಿ ಮಲಗಿದೆ. ನಿಜ ಹೇಳಬೇಕೆಂದರೆ, ತೆರೆಯಲು ಹೆದರಿದೆ.

ಮರುದಿನ ಸಪ್ತಮಿ. ಹೂವು ತರಲು ಗಾಂಧಿ ಬಜಾರಿಗೆ ಹೋಗಿ, ಹಬ್ಬದ ನೂಕುನುಗ್ಗಲಲ್ಲಿ ಸೇವಂತಿಗೆಗೆ ಚೌಕಾಸಿ ಮಾಡಿ ಸೋತು ವಾಪಸು ಬರುವ ಹೊತ್ತಿಗೆ ಮನೆಯಲ್ಲಿ ಸರಸ್ವತಿಯನ್ನು ಕೂರಿಸಿ ಆಗಿತ್ತು. ನಮ್ಮಲ್ಲಿ ಸಪ್ತಮಿಯ ದಿನ ಪುಸ್ತಕಗಳನ್ನು ಮಣೆಯ ಮೇಲೆ ಪೇರಿಸಿ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ದಶಮಿಯ ಬೆಳಗ್ಗೆ ಎತ್ತಿ ನಾಲ್ಕು ಸಾಲಾದರೂ ಓದಬೇಕು. ಶಾಲೆಯ ದಿನಗಳಲ್ಲಿ ಇದಕ್ಕಿಂತ ದೊಡ್ಡ ದೇವತಾನುಗ್ರಹ ಇಲ್ಲ ಎಂದುಕೊಂಡಿದ್ದೆ. ಮಣೆಯ ಮೇಲೆ ಸ್ತೋತ್ರದ ಪುಸ್ತಕ, ನಿಘಂಟು, ಹೆಂಡತಿಯ ಅಡುಗೆಯ ನೋಟುಪುಸ್ತಕ, ಅವುಗಳ ನೆತ್ತಿಯ ಮೇಲೆ ನನ್ನ ಇ-ರೀಡರ್. ಬೆನ್ನಿಗೆ ಕಾಸಗಲದ ಕುಂಕುಮದ ಬೊಟ್ಟು, ಅರಿಶಿನದ ಅಕ್ಷತೆ, ಒಂದು ಎಸಳು ಮಲ್ಲಿಗೆ.

ಮತ್ತೆ ಬೆರಳು ಮಡಚಿ ಲೆಕ್ಕ ಹಾಕಿದೆ. ವಾಪಸಾತಿಯ ಗಡುವು ನವಮಿ, ದೇವಿಯ ಗಡುವು ದಶಮಿ.

ಇದು ಯಂತ್ರ ಕಣೇ, ಇದನ್ನು ನವಮಿಯ ದಿನ ಆಯುಧಪೂಜೆಗೆ ಮಿಕ್ಸಿ, ಸ್ಕೂಟರಿನ ಜೊತೆ ಇಡಬೇಕು ಎಂದು ವಾದ ಹೂಡಿದೆ. ಅವಳು ದೀಪದ ಬತ್ತಿ ಸರಿಮಾಡುತ್ತ ತಲೆ ಎತ್ತದೆ ಹೇಳಿದಳು.

"ಇದ್ರಲ್ಲಿ ಇನ್ನೂರು ಪುಸ್ತಕ ಇದೆ ಅಂತ ನಿನ್ನೆ ನೀವೇ ಹೇಳಿದ್ರಿ. ಮಿಕ್ಸೀಲಿ ಪುಸ್ತಕ ಇರತ್ತೇನ್ರಿ?"

ಮೇಲ್ಮನವಿ ಮಲ್ಲೇಶ್ವರಕ್ಕೆ ಹೋಯಿತು. ಅಲ್ಲಿ ಅವಳ ಅಕ್ಕ ಇದ್ದಾರೆ. ಮಡಿ, ಹಬ್ಬ, ಶ್ರಾದ್ಧ ಇತ್ಯಾದಿ ವಿಷಯಗಳಲ್ಲಿ ಅವರ ಮೇಲೆ ಇನ್ನೊಂದು ನ್ಯಾಯಾಲಯ ಇಲ್ಲ. ಫೋನಿನಲ್ಲಿ ಅಹವಾಲು ಕೇಳಿ ಅವರು, ಅದರೊಳಗೆ ಅಕ್ಷರ ಇದೆಯೇ ಎಂದು ವಿಚಾರಿಸಿದರು. ಇದೆ ಎಂದೆ. ಟಿವಿಯಲ್ಲೂ ಅಕ್ಷರ ಬರುತ್ತದಲ್ಲ ಎಂದು ತಾವೇ ಶಂಕಿಸಿ, ಆದರೆ ಟಿವಿಯನ್ನು ಓದಲು ಕೊಳ್ಳುವುದಿಲ್ಲ ಎಂದು ತಾವೇ ಪರಿಹರಿಸಿಕೊಂಡರು. ಯಾವ ಉದ್ದೇಶಕ್ಕೆ ಕೊಂಡದ್ದೋ ಅದೇ ವಸ್ತುವಿನ ಜಾತಿ, ಆದ್ದರಿಂದ ಪುಸ್ತಕ. ತೀರ್ಪು ಕೊಟ್ಟು, ಕೊನೆಗೆ ಒಂದು ಮಾತು ಸೇರಿಸಿದರು.

"ಇಟ್ಟಾಯ್ತಲ್ಲ, ಬಿಡಿ. ಮೂರು ದಿನ ಓದ್ದೇ ಇದ್ರೆ ನಿಮಗೇನಾಗೋಗತ್ತೆ?"

ಫೋನಿಟ್ಟ ಮೇಲೆ ಆ ಪ್ರಶ್ನೆ ಮಾತ್ರ ಹಾಲಿನಲ್ಲಿ ಉಳಿಯಿತು. ದಿನಪತ್ರಿಕೆಗೆ ನಮ್ಮ ಮನೆಯಲ್ಲಿ ವಿನಾಯಿತಿ ಇದೆ. ಅದರಲ್ಲಿ ಸರಸ್ವತಿ ಇಲ್ಲ ಎಂಬುದು ಹೆಂಡತಿಯ ಅಭಿಪ್ರಾಯ. ಅದನ್ನು ಹಿಡಿದುಕೊಂಡು ಕೂತೆ. ತಲೆಬರಹ ಓದಿದೆ. ಅದರ ಕೆಳಗಿನ ವರದಿಯಲ್ಲಿ ಪ್ರತಿ ಸಾಲಿನ ನಡುವೆ ಒಂದು ಅಕ್ಷರ ಕರಗಿದ ಸಕ್ಕರೆಯ ಹಾಗಿತ್ತು. ಕಣ್ಣು ಸರಿಸಿದರೆ ಕರಗುವ ಜಾಗವೂ ಜೊತೆಗೇ ಸರಿಯಿತು. ಆ ದಿನ ಎಂಟು ಸಲ ಕಿಟಕಿ ಸರಳನ್ನು ಪರೀಕ್ಷಿಸಿದೆ. ಬೆಳಗ್ಗೆಗಿಂತ ಮಧ್ಯಾಹ್ನ ಹೆಚ್ಚು ಸೊಟ್ಟಗಿದೆ ಅನ್ನಿಸಿತು. ಸಂಜೆ ಬೊಂಬೆ ನೋಡಲು ಬಂದ ಹೆಂಗಸರು ಆರತಿ ಎತ್ತುತ್ತಿದ್ದಾಗ, ಇನ್ನೂರು ಪುಸ್ತಕಗಳೂ ಮೂರಡಿ ದೂರದಲ್ಲಿ ಕುಂಕುಮ ಇಟ್ಟುಕೊಂಡು ಮುತ್ತೈದೆಯರಂತೆ ಕೂತಿದ್ದವು. ಅವುಗಳಲ್ಲಿ ಒಂದನ್ನಾದರೂ ಓದಲು ಸಾಧ್ಯವೇ ಎಂಬ ಚಿಂತೆ ಅವರೆಲ್ಲರ ನಡುವೆ ನನಗೊಬ್ಬನಿಗೇ ಇತ್ತು.

ಕದ್ದು ತೆಗೆಯುವ ಯೋಚನೆಯೂ ಬಂತು. ಅವಳು ಬಚ್ಚಲಿಗೆ ಹೋದಾಗ ದೇವರ ಮನೆಯ ಹೊಸಿಲವರೆಗೆ ಹೋದೆ. ಅರವತ್ತೇಳನೆಯ ವಯಸ್ಸಿನಲ್ಲಿ ಸರಸ್ವತಿಯನ್ನು ಕದಿಯುತ್ತ ಸಿಕ್ಕಿಬಿದ್ದರೆ ಯಾವ ನಿಯಮದಡಿ ಸಮಜಾಯಿಷಿ ಕೊಡಲಿ? ಹಿಂದಿರುಗಿದೆ. ಕಾರಣ ಹೇಳದೆ ಅದನ್ನು ಎತ್ತಲಾಗದು. ಕಾರಣ ಹೇಳಿದರೆ ಎಲ್ಲ ಹೇಳಿದ ಹಾಗೆ.

ಅಷ್ಟಮಿಯ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಸಂಜೆಯ ಉಸಲಿಗೆ ನೆನೆದ ಕಡಲೆಕಾಳಿನಲ್ಲಿ ಕಲ್ಲು ಹುಡುಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಟಿಪ್ಪಣಿ ಓದಿದ ಹಾಗೆ ಹೇಳಿದೆ. ಆಷಾಢದಲ್ಲಿ ಡಾಕ್ಟರು ಪರಿಶೀಲಿಸಿದ್ದು, ಪರದೆ ಸವೆಯುತ್ತಿರುವುದು, ಚಿಕಿತ್ಸೆ ಇಲ್ಲದಿರುವುದು, ಸದರಿ ಯಂತ್ರವನ್ನು ಕೊಂಡ ಉದ್ದೇಶ, ನಾಳೆ ಗಡುವು ಮುಗಿಯುವುದು. ಧ್ವನಿ ನಡುಗದಿರಲಿ ಎಂದೇ ಆ ಭಾಷೆ ಹಿಡಿದದ್ದು. ಕೊನೆಯ ವಾಕ್ಯದಲ್ಲಿ ನಡುಗಿತು.

ಅವಳ ಕೈ ನೀರಿನಲ್ಲೇ ಇತ್ತು. ಅಳುತ್ತಾಳೇನೋ ಎಂದು ಕಾಯುತ್ತಿದ್ದೆ.

"ಆಷಾಢದಿಂದ ಕ್ಯಾಲೆಂಡರ್ ಓದಿ ತಿಥಿ ಹೇಳ್ತಿರೋರು ನೀವು," ಎಂದಳು.

"ಹೌದು."

"ಹಾಗಾದ್ರೆ ಹೋದ ತಿಂಗಳು ನಾನು ಉಪವಾಸ ಮಾಡಿದ ಏಕಾದಶಿ?"

ಕ್ಯಾಲೆಂಡರಿನ ಮೂಲೆಯಲ್ಲಿ ತಿಥಿಯನ್ನು ಇರುವೆ ಸಾಲಿನ ಹಾಗೆ ಅಚ್ಚು ಮಾಡಿರುತ್ತಾರೆ ಎಂದು ನಿವೇದಿಸಿಕೊಂಡೆ. ದಶಮಿ ಇದ್ದಿರಬಹುದು ಎಂದೂ ಒಪ್ಪಿಕೊಂಡೆ. ಮಾರನೆಯ ದಿನ, ಅಂದರೆ ನಿಜವಾದ ಏಕಾದಶಿಯಂದು, ನಾವಿಬ್ಬರೂ ಚಿತ್ರಾನ್ನ ತಿಂದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿರ್ಲಿಲ್ಲ ನಂಗೆ," ಎಂದಳು. ಅವಳಿಗೆ ಕೋಪ ಬಂದಿತ್ತು, ಮತ್ತು ಅದು ಏಕಾದಶಿಯ ಮೇಲಿನ ಕೋಪ ಮಾತ್ರ ಅಲ್ಲ ಎಂಬುದು ಕಣ್ಣಿಲ್ಲದವನಿಗೂ ಕಾಣುವಂತಿತ್ತು. "ಒಬ್ರೇ ಇಟ್ಕೊಂಡು ಓಡಾಡಿದ್ರಲ್ಲ. ನಾನೇನು ಪಕ್ಕದ ಮನೆಯೋಳಾ?"

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ದೇವರ ಮನೆಗೆ ಹೋದಳು. ಹಿಂದೆಯೇ ಹೋದೆ. ಪೂಜೆಗೆ ಕೂರಿಸಿದ್ದನ್ನು ಕಳಿಸಿಕೊಡುವುದಕ್ಕೆ ಒಂದು ಕ್ರಮ ಇದೆ: ಅಕ್ಷತೆ ಹಾಕಿ, ಇಟ್ಟ ಜಾಗದಿಂದ ಒಂದು ಬೆರಳಿನಷ್ಟು ಉತ್ತರಕ್ಕೆ ಕದಲಿಸಬೇಕು. ಅವಳು ರಾಶಿಯನ್ನು ಕದಲಿಸಲಿಲ್ಲ. ಇ-ರೀಡರ್ ಒಂದಕ್ಕೆ ನಾಲ್ಕು ಕಾಳು ಅಕ್ಷತೆ ಹಾಕಿ, ಅದನ್ನು ಮಾತ್ರ ಉತ್ತರಕ್ಕೆ ಒಂದು ಬೆರಳು ಸರಿಸಿ, ಬಾಯಲ್ಲೇ ಏನೋ ಹೇಳಿಕೊಂಡಳು. ದೇವಿಯ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಂತಿತ್ತು. ಎತ್ತಿ ನನ್ನ ಕೈಗಿಟ್ಟಳು.

ಅಕ್ಕನನ್ನು ಕೇಳಬೇಡವೇ ಎಂದೆ. ಅಕ್ಕನಿಗೆ ಹೇಳಿದರೆ ನೋಡಿ ಎಂದಳು.

ಹಾಲಿನ ಕಿಟಕಿಯ ಬಳಿ ಕೂತು ಒಂದು ಹಳೆಯ ಪತ್ತೇದಾರಿ ಕಾದಂಬರಿಯ ಸ್ಕ್ಯಾನ್ ತೆರೆದೆವು. ಗೆಳೆಯ ಹೇಳಿದ್ದು ಅಕ್ಷರಶಃ ನಿಜ. ಸಾಸಿವೆ. ಒತ್ತುಗಳು ಧೂಳಿನ ಕಣ. ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ಎರಡೂ ತುದಿ ಪರದೆಯಾಚೆ ಓಡಿಹೋದವು. ಅಡ್ಡ ತಿರುಗಿಸಿ ಹಿಡಿದಾಗ ಪುಟದ ಮೂರನೆಯ ಒಂದು ಭಾಗ ಮಾತ್ರ ಬಂದು, ಅಕ್ಷರಗಳು ಒಂದಿಷ್ಟು ಉಬ್ಬಿದವು. ಸಾಲು ಸಾಲಾಗಿ ತೆವಳಿದೆ. ಓದಬಹುದು ಎಂದೆ.

"ಓದಬಹುದು ಅಂದ್ರೆ ಆಗತ್ತಾ? ಬರೋ ವರ್ಷ?"

ಇಂಚು, ತೂಕ, ಚಾರ್ಜು ಎಲ್ಲಕ್ಕೂ ನನ್ನ ತಖ್ತೆಯಲ್ಲಿ ಕಲಂ ಇತ್ತು, ಬರುವ ವರ್ಷಕ್ಕೆ ಇರಲಿಲ್ಲ.

ಮಹಾನವಮಿಯ ಬೆಳಗ್ಗೆ ಇಬ್ಬರೂ ಆಟೋ ಹತ್ತಿ ಅಂಗಡಿಗೆ ಹೋದೆವು. ಅಲ್ಲೂ ಆಯುಧಪೂಜೆ. ಷಟರಿಗೆ ಬಾಳೆಕಂದು ಕಟ್ಟಿತ್ತು, ಮೆಟ್ಟಿಲ ಮೇಲೆ ಬೂದುಗುಂಬಳ ಕಾಯುತ್ತಿತ್ತು. ಪೂಜೆ ಮುಗಿಸಿ ಹನ್ನೊಂದಕ್ಕೆ ಬಾಗಿಲು ಹಾಕುವ ಅವಸರದಲ್ಲಿದ್ದರು ಅಂಗಡಿಯವರು. ಯಂತ್ರದ ಬೆನ್ನು ತಿರುಗಿಸಿದರು. ಗೀರು ಇರಲಿಲ್ಲ. ಆದರೆ ಬೊಟ್ಟಿಟ್ಟ ಜಾಗ, ಎಷ್ಟು ಒರೆಸಿದ್ದರೂ, ತೆಳ್ಳಗೆ ಕೆಂಪಗೆ ಉಳಿದಿತ್ತು. ನಿಯಮದಲ್ಲಿ ಕುಂಕುಮದ ಬಗ್ಗೆ ಉಲ್ಲೇಖವಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ಆ ಕೆಂಪನ್ನು ನೋಡಿದರು, ತಮ್ಮ ಶೋಕೇಸಿನತ್ತ ನೋಡಿದರು. ಅಲ್ಲಿ ಮಾರಾಟಕ್ಕಿಟ್ಟ ಅಷ್ಟೂ ಫೋನುಗಳ ಡಬ್ಬಗಳ ಮೇಲೆ ಆ ಬೆಳಗ್ಗೆ ಅವರೇ ಇಟ್ಟ ಬೊಟ್ಟುಗಳಿದ್ದವು. ಹತ್ತಿಂಚಿನದನ್ನು ಹೊರಗೆ ತೆಗೆದರು.

ದುಬಾರಿ ಎಂದು ನಾನು ಗೊಣಗಿದೆ. ಹೆಂಡತಿ ನನ್ನನ್ನು ಬದಿಗೆ ಸರಿಸಿ ಅವರಿಗೆ ಹೇಳಿದಳು.

"ಮಕ್ಕಳಿಗೆ ಯೂನಿಫಾರಂ ಒಂದು ಸೈಜು ದೊಡ್ಡದು ತೊಗೋತೀವಲ್ಲ, ಹಂಗೆ ಕೊಡಿ. ಇವತ್ತಿನ ಕಣ್ಣಿಗಲ್ಲ. ಇನ್ನು ಎರಡ್ಮೂರು ವರ್ಷದ ಕಣ್ಣಿಗೆ."

ಅಂಗಡಿಯವರು ನನ್ನ ಕಡೆ ನೋಡದೆ, ಅದೇ ಕಾದಂಬರಿಯನ್ನು ದೊಡ್ಡದಕ್ಕೆ ಹಾಕಿಕೊಟ್ಟರು. ಅಡ್ಡ ತಿರುಗಿಸಿದಾಗ ಅಕ್ಷರಗಳು ಅವರೆಕಾಳಿನಷ್ಟಾದವು. ಚೆನ್ನಾಗಿ ಕಾಣುತ್ತದೆ ಎಂದೆ. ನನ್ನ ಮಾತಿಗೆ ಬೆಲೆ ಇರಲಿಲ್ಲ. ಜೋರಾಗಿ ಓದಿ ಎಂದಳು. ಪ್ರತಿ ಪದದ ಕೆಳಗೆ ಅವಳ ತೋರುಬೆರಳು ಸರಿಯತೊಡಗಿತು, ಒಂದನೆಯ ತರಗತಿಯ ಮೇಷ್ಟರ ಹಾಗೆ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಓದಿದೆ. ಮೈಸೂರಿನ ಒಂದು ಬಂಗಲೆ, ಬೀಗ ಹಾಕಿದ ಕೋಣೆ, ಒಳಗಿನಿಂದ ಕೆಮ್ಮು. ಆರನೆಯ ಸಾಲಿನಲ್ಲಿ ಒಂದು ಪದ ನಡುವೆ ಕರಗಿತು. ಊಹಿಸಿ ಹೇಳಿದೆ. ಅವಳ ಬೆರಳು ಅಲ್ಲೇ ನಿಂತಿತು.

"ಅದಲ್ಲ. ಸರಿಯಾಗಿ ನೋಡಿ."

ಪದವನ್ನು ನೇರ ನೋಡದೆ ಅದರ ಪಕ್ಕದ ಖಾಲಿ ಜಾಗವನ್ನು ನೋಡಿದೆ. ಪದ ಓರೆಯಿಂದ, ಸಂಕೋಚದಿಂದ, ಕಣ್ಣಿನೊಳಕ್ಕೆ ಬಂತು. ಹೇಳಿದೆ. ಬೆರಳು ಮುಂದೆ ಸರಿಯಿತು.

ಹೊರಗೆ ಬೂದುಗುಂಬಳ ಒಡೆದ ಸದ್ದಾಯಿತು. ಬಾಗಿಲು ಹಾಕಬೇಕಿತ್ತು ಎಂದು ಅಂಗಡಿಯವರು ಕೆಮ್ಮಿ ಸೂಚಿಸಿದರು. ಪುಟ ಮುಗಿದಿತ್ತು, ಪರೀಕ್ಷೆಯೂ ಮುಗಿಯಿತೆಂದು ನಾನು ಏಳಹೋದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು.

"ತಿರುಗಿಸಿ," ಎಂದಳು. "ಕೋಣೆ ಒಳಗೆ ಯಾರಿದಾರೆ ಅಂತ ಓದಿ ಹೇಳಿ, ಆಮೇಲೆ ಹೋಗೋಣ."